‘ನಡೆ’ ಗೊತ್ತಿದ್ದವರಿಗೆ ‘ಲೋಪನ್’: ಒಂದು ಡಚ್ ಕ್ರಿಯಾಪದವನ್ನು ಬುಡದಿಂದ ಕಲಿಯುವ ಬಗೆ

ಡಚ್ ಕಲಿಯಲು ಕೂತ ಮೊದಲ ವಾರದಲ್ಲೇ ‘ಲೋಪನ್’ ಎದುರಾಗುತ್ತದೆ. ಪಠ್ಯಪುಸ್ತಕದಲ್ಲಿ ಅದರ ಮುಂದೆ ಇಂಗ್ಲಿಷಿನ ‘ವಾಕ್’ ಎಂದಿರುತ್ತದೆ. ನಾವೂ ಹಾಗೇ ಬರೆದುಕೊಂಡು ಮುಂದೆ ಹೋಗುತ್ತೇವೆ. ಎರಡು ತಿಂಗಳಾಗುವಷ್ಟರಲ್ಲಿ ತೊಡಕು ಶುರುವಾಗುತ್ತದೆ. ಮನೆ ಮಾಲೀಕರ ಪತ್ರದಲ್ಲಿ ಬಾಡಿಗೆ ಕರಾರು ‘ಲೋಪ್ತ್ ಅಫ್’ ಎಂದಿರುತ್ತದೆ. ಕಾಲೇಜಿನವರು ಮುಂದಿನ ಸೆಮಿಸ್ಟರಿನಲ್ಲಿ ‘ಸ್ತಾಝ ಲೋಪನ್’ ಇದೆ ಅನ್ನುತ್ತಾರೆ. ಶೀತವಾದ ಮಗುವಿನ ಮೂಗು ‘ಲೋಪ್ತ್’. ಕರಾರು, ಇಂಟರ್ನ್‌ಶಿಪ್, ಮೂಗು ಎಲ್ಲವೂ ನಡೆಯುವುದಾದರೂ ಹೇಗೆ?

‘ವಾಕ್’ ಹಿಡಿದು ಹೊರಟವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆದರೆ ಕನ್ನಡದ ‘ನಡೆ’ಯನ್ನು ಒಮ್ಮೆ ನೆನಪಿಸಿಕೊಳ್ಳಿ. ಕೆಲಸ ನಡೆಯುತ್ತಿದೆ, ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ, ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ಗೋಡೆ ಗಡಿಯಾರ ನಡೆಯುತ್ತಿಲ್ಲ. ಇಲ್ಲಿ ಯಾರ ಕಾಲೂ ಅಲ್ಲಾಡುತ್ತಿಲ್ಲ, ಆದರೂ ಎಲ್ಲವೂ ನಡೆಯುತ್ತಿವೆ. ಡಚ್ಚರ ಲೋಪನ್ ಕೂಡ ಇದೇ ಜಾಯಮಾನದ ಪದ. ಐಂಡ್‌ಹೋವನ್ ಸುತ್ತಮುತ್ತ ಬಂದು ನೆಲೆಸಿದ ಕನ್ನಡಿಗರಿಗೆ ಶನಿವಾರ ಸಂಜೆ ನಾನು ಡಚ್ ಹೇಳಿಕೊಡುತ್ತೇನೆ. ಇಂಗ್ಲಿಷಿನ ಸುತ್ತುದಾರಿ ಬಿಟ್ಟು ಕನ್ನಡದಿಂದಲೇ ನೇರ ಡಚ್ಚಿಗೆ ಬಂದವರು ಬೇಗ ಮಾತಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಪಾಠವನ್ನು, ನಾನು ಹೇಳಿಕೊಡುವ ಕ್ರಮದಲ್ಲೇ, ಇಲ್ಲಿ ಬರೆಯುತ್ತಿದ್ದೇನೆ.

ಒಂದನೇ ಹೆಜ್ಜೆ: ಮೊದಲು ಬಾಯಿ ತಿರುಗಲಿ

ಉಚ್ಚಾರದಲ್ಲಿ ಕನ್ನಡಿಗರಿಗೆ ಸಿಗುವ ಅನುಕೂಲ ದೊಡ್ಡದು. ಇಂಗ್ಲಿಷ್ ಮಾತಾಡುವವರು ‘ಪ’ ಹೇಳುವಾಗ ಉಸಿರು ಬೆರೆತು ‘ಫ’ಕ್ಕೆ ಹತ್ತಿರವಾಗುತ್ತದೆ. ಡಚ್ಚಿನಲ್ಲಿ ಹಾಗಿಲ್ಲ. ಅಲ್ಲಿನ ಪ, ತ, ಕ ನಮ್ಮ ಅಲ್ಪಪ್ರಾಣಗಳ ಹಾಗೇ ಉಸಿರಿಲ್ಲದೆ ಬರುತ್ತವೆ. ಟಿ ಅಕ್ಷರಕ್ಕೆ ನಾಲಿಗೆ ಹಿಂದಕ್ಕೆ ಮಡಚಿ ‘ಟ’ ಅನ್ನಬೇಡಿ, ‘ತ’ ಅಂದರೆ ಡಚ್ಚಿಗೆ ಹತ್ತಿರ. ಅದಕ್ಕೇ ಈ ಲೇಖನದಲ್ಲಿ ಎಲ್ಲ ಕಡೆ ‘ಲೋಪ್ತ್’ ಎಂದು ಬರೆಯುತ್ತೇನೆ. ಡಬ್ಲ್ಯೂ ಅಕ್ಷರವಂತೂ ಹೆಚ್ಚುಕಡಿಮೆ ನಮ್ಮ ‘ವ’.

ಇನ್ನು ಸ್ವರ. ಡಚ್ಚಿನಲ್ಲಿ ‘ಒ’ ಬೇರೆ, ‘ಓ’ ಬೇರೆ. ‘ಬೊಮ್’ ಅಂದರೆ ಬಾಂಬು, ‘ಬೋಮ್’ ಅಂದರೆ ಮರ. ಹ್ರಸ್ವ ದೀರ್ಘ ಕಲಿತೇ ಅಕ್ಷರಾಭ್ಯಾಸ ಮಾಡಿದ ನಮಗೆ ಇದು ಕಷ್ಟವೇ ಅಲ್ಲ. ಲೋಪನ್‌ನಲ್ಲಿರುವುದು ದೀರ್ಘ ಓ. ಬರವಣಿಗೆಯಲ್ಲಿ ಓ ಅಕ್ಷರ ಎರಡು ಸಲ ಬಂದಾಗ ಇಂಗ್ಲಿಷಿನ ಅಭ್ಯಾಸದಿಂದ ‘ಲೂಪ್’ ಎಂದು ಓದುವವರು ಬಹಳ. ಡಚ್ಚಿನಲ್ಲಿ ಎರಡು ಓ ಅಂದರೆ ‘ಓ’, ಎಂದೂ ‘ಊ’ ಅಲ್ಲ.

ಪದದ ಕೊನೆಯಲ್ಲಿ ಎನ್ ಇದೆಯಲ್ಲ, ನೆದರ್ಲೆಂಡ್ಸ್‌ನ ಬಹುಭಾಗದಲ್ಲಿ ಮಾತಿನ ಹೊತ್ತಿಗೆ ಅದು ಬಿದ್ದುಹೋಗುತ್ತದೆ. ಉಳಿಯುವುದು ‘ಲೋಪ’. ಎನ್ ಲೋಪವಾಗಿ ಲೋಪನ್ ‘ಲೋಪ’ವಾಯಿತು ಎಂದು ನೆನಪಿಟ್ಟುಕೊಳ್ಳಿ. ಲೋಪಸಂಧಿ ಓದಿದವರು ಇದನ್ನು ಮರೆಯುವುದಿಲ್ಲ. ನಮ್ಮ ಲೋಪ ಸಂಸ್ಕೃತದ್ದು, ಅವರದು ಬೇರೆಯೇ ಬುಡದ್ದು, ಎರಡಕ್ಕೂ ನಂಟಿಲ್ಲ. ಆದರೂ ನೆನಪಿನ ಗೂಟವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ.

ಜಿ ಅಕ್ಷರಕ್ಕೆ ನಾನು ‘ಖ’ ಬಳಸಿದ್ದೇನೆ. ಅದು ಗಂಟಲಿನಿಂದ ಉಜ್ಜಿಕೊಂಡು ಬರುವ ಸದ್ದು, ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಬರುವಂಥದು. ಬೀದರ, ಕಲಬುರಗಿ ಕಡೆ ಬೆಳೆದವರು ಮೊದಲ ದಿನವೇ ಸರಿಯಾಗಿ ಹೇಳುತ್ತಾರೆ.

ಎರಡನೇ ಹೆಜ್ಜೆ: ವರ್ತಮಾನ ಕಾಲ

ಧಾತು ‘ಲೋಪ್’. ಅದಕ್ಕೆ ಹತ್ತುವ ಪ್ರತ್ಯಯಗಳು ಎರಡೇ, ಏಕವಚನಕ್ಕೆ ‘ತ್’, ಬಹುವಚನಕ್ಕೆ ‘ಅನ್’.

ಇಕ್ ಲೋಪ್ – ನಾನು ನಡೆಯುತ್ತೇನೆ
ಯೆಯ್ ಲೋಪ್ತ್ – ನೀನು ನಡೆಯುತ್ತೀಯ
ಯು ಲೋಪ್ತ್ – ನೀವು ನಡೆಯುತ್ತೀರಿ (ಗೌರವದ ಮಾತು)
ಹೆಯ್ ಲೋಪ್ತ್ – ಅವನು ನಡೆಯುತ್ತಾನೆ
ಜ಼ೆಯ್ ಲೋಪ್ತ್ – ಅವಳು ನಡೆಯುತ್ತಾಳೆ
ಹೆತ್ ಲೋಪ್ತ್ – ಅದು ನಡೆಯುತ್ತದೆ
ವೆಯ್ ಲೋಪನ್ – ನಾವು ನಡೆಯುತ್ತೇವೆ
ಯುಲ್ಲಿ ಲೋಪನ್ – ನೀವೆಲ್ಲ ನಡೆಯುತ್ತೀರಿ
ಜ಼ೆಯ್ ಲೋಪನ್ – ಅವರು ನಡೆಯುತ್ತಾರೆ

ಒಂಬತ್ತು ಸಾಲು, ರೂಪ ಮೂರೇ. ನಡೆಯುತ್ತಾನೆ, ನಡೆಯುತ್ತಾಳೆ, ನಡೆಯುತ್ತದೆ ಎಂಬ ಲಿಂಗಭೇದ ಕ್ರಿಯಾಪದದಲ್ಲಿ ಇಲ್ಲ. ‘ಜ಼ೆಯ್’ ಅವಳೂ ಹೌದು, ಅವರೂ ಹೌದು. ಯಾರೆಂದು ಹೇಳುವುದು ಹಿಂದೆ ಬರುವ ಕ್ರಿಯಾಪದ: ಲೋಪ್ತ್ ಇದ್ದರೆ ಅವಳು, ಲೋಪನ್ ಇದ್ದರೆ ಅವರು.

ನಮ್ಮವರು ಎಡವುವುದು ಇನ್ನೊಂದು ಕಡೆ. ಕನ್ನಡದಲ್ಲಿ ‘ಬರುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ, ಪ್ರತ್ಯಯವೇ ಹೇಳುತ್ತದೆ. ಡಚ್ಚಿನಲ್ಲಿ ಪ್ರತ್ಯಯಕ್ಕೆ ಆ ಕಸುವಿಲ್ಲ. ಆದ್ದರಿಂದ ‘ಇಕ್’ ಬಿಡುವ ಹಾಗಿಲ್ಲ. ಬರೀ ‘ಲೋಪ್’ ಅಂದರೆ ಎದುರಿನವರಿಗೆ ‘ನಡಿ!’ ಎಂಬ ಅಪ್ಪಣೆಯಾಗಿ ಕೇಳಿಸುತ್ತದೆ.

ಪ್ರಶ್ನೆ ಕೇಳುವಾಗ ಕರ್ತೃವಿಗೂ ಕ್ರಿಯಾಪದಕ್ಕೂ ಸ್ಥಾನ ಬದಲಾಗುತ್ತದೆ. ಆಗ ‘ಯೆಯ್’ ಜೊತೆ ಮಾತ್ರ ‘ತ್’ ಉದುರುತ್ತದೆ: ಲೋಪ್ ಯೆಯ್? ಮಿಕ್ಕವರಿಗೆ ಹಾಗೇ ಉಳಿಯುತ್ತದೆ: ಲೋಪ್ತ್ ಯು? ಲೋಪ್ತ್ ಹೆಯ್? ಡಚ್ ಮಕ್ಕಳೇ ಬರೆಯುವಾಗ ಈ ‘ತ್’ ವಿಷಯದಲ್ಲಿ ತಪ್ಪುತ್ತಾರೆ, ಹಾಗಾಗಿ ನಿಮಗೆ ತಪ್ಪಿದರೆ ಬೇಸರ ಬೇಡ. ಆದರೆ ತಿದ್ದಿಕೊಳ್ಳಿ.

ಕಾಗುಣಿತಕ್ಕೆ ಒಂದು ನಿಯಮ. ‘ಲೋಪ್’ ಬರೆಯುವಾಗ ಓ ಎರಡು, ‘ಲೋಪನ್’ ಬರೆಯುವಾಗ ಒಂದೇ. ಪದವನ್ನು ಉಚ್ಚಾರಕ್ಕೆ ತಕ್ಕಂತೆ ಒಡೆಯಿರಿ: ಲೋ–ಪನ್. ಮೊದಲ ತುಂಡು ಸ್ವರದಲ್ಲಿ ಮುಗಿಯಿತು, ಬಾಗಿಲು ತೆರೆದಿದೆ, ಒಂದು ಓ ಸಾಕು. ‘ಲೋಪ್’ ಪಿ ಅಕ್ಷರದಲ್ಲಿ ಮುಚ್ಚಿಕೊಂಡಿತು, ಅಲ್ಲಿ ಒಂದೇ ಓ ಬರೆದರೆ ‘ಲೊಪ್’ ಆಗಿಬಿಡುತ್ತದೆ. ದೀರ್ಘ ಉಳಿಸಿಕೊಳ್ಳಲು ಎರಡು ಬೇಕು. ಇದೊಂದು ಕೈಗೆ ಬಂದರೆ ಸಾವಿರಾರು ಡಚ್ ಪದಗಳ ಕಾಗುಣಿತ ತಾನಾಗಿ ಬರುತ್ತದೆ.

ಮೂರನೇ ಹೆಜ್ಜೆ: ಭೂತಕಾಲ, ಅದರ ಹಿಂದಿನ ಕಥೆ

ಭೂತಕಾಲದ ರೂಪ ಏಕವಚನಕ್ಕೆ ‘ಲೀಪ್’, ಬಹುವಚನಕ್ಕೆ ‘ಲೀಪನ್’. ಇಕ್ ಲೀಪ್, ಯೆಯ್ ಲೀಪ್, ಹೆಯ್ ಲೀಪ್, ವೆಯ್ ಲೀಪನ್. ಇಲ್ಲಿ ‘ತ್’ ರಗಳೆ ಇಲ್ಲ.

ಓ ಇದ್ದದ್ದು ಈ ಆಗಿದ್ದು ಯಾಕೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕನ್ನಡದಲ್ಲಿ ‘ಬೀಳು’ ಎಂಬುದು ‘ಬಿದ್ದ’ ಆಗುವುದಿಲ್ಲವೇ, ‘ಕೊಡು’ ‘ಕೊಟ್ಟ’ ಆಗುವುದಿಲ್ಲವೇ ಅಂದರೆ ಅರ್ಧ ಸಮಾಧಾನವಾಗುತ್ತದೆ. ಇನ್ನರ್ಧಕ್ಕೆ ಪದದ ಮೂಲಕ್ಕೆ ಹೋಗಬೇಕು. ನನಗೆ ಈ ಪಾಠದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಡಚ್, ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿನುಡಿಯನ್ನು ವಿದ್ವಾಂಸರು ಮೂಲ ಜರ್ಮಾನಿಕ್ ಎನ್ನುತ್ತಾರೆ. ಅದರ ಬರಹ ನಮಗೆ ಸಿಕ್ಕಿಲ್ಲ, ಮಕ್ಕಳನ್ನು ಹೋಲಿಸಿ ರೂಪಗಳನ್ನು ಊಹಿಸಿದ್ದಾರೆ. ಅದರಲ್ಲಿ ನಮ್ಮ ಪದದ ರೂಪ ಸುಮಾರಾಗಿ ‘ಹ್ಲೌಪನ’. ಅರ್ಥ ನಡೆಯುವುದಲ್ಲ, ಹಾರುವುದು, ನೆಗೆದು ಓಡುವುದು. ಮಕ್ಕಳು ಒಂದೊಂದು ದಾರಿ ಹಿಡಿದರು. ಮೊದಲಿನ ‘ಹ್’ ಬಹುತೇಕ ಎಲ್ಲ ಕಡೆ ಬಿದ್ದುಹೋಯಿತು. ಡಚ್ಚಿನಲ್ಲಿ ‘ಔ’ ಸ್ವರ ‘ಓ’ ಆಯಿತು. ಜರ್ಮನ್ನಿನಲ್ಲಿ ‘ಔ’ ಹಾಗೇ ಉಳಿದು ‘ಪ’ ಮಾತ್ರ ‘ಫ’ ಆಗಿ ‘ಲೌಫನ್’ ಎಂದಾಯಿತು. ಇಂಗ್ಲಿಷಿನಲ್ಲಿ ‘ಲೀಪ್’ ಆಯಿತು, ಈ ಮೂರರಲ್ಲಿ ಜಿಗಿ ಎಂಬ ಹಳೆಯ ಅರ್ಥವನ್ನು ಉಳಿಸಿಕೊಂಡದ್ದು ಅದೇ. ಇಂಗ್ಲಿಷಿನ ಈ ‘ಲೀಪ್’ ವರ್ತಮಾನ ರೂಪ, ಡಚ್ಚಿನ ‘ಲೀಪ್’ ಭೂತಕಾಲದ್ದು. ಕಿವಿಗೆ ಒಂದೇ ಆದರೂ ಬೆರೆಸಬೇಡಿ.

ಪಕಾರ ಬದಲಾಗುವುದು ನಮಗೆ ಹೊಸತೇನಲ್ಲ. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾಯಿತು, ಪೂ ಹೂವಾಯಿತು, ತಮಿಳಿನಲ್ಲಿ ಪಾಲು ಪಾಲಾಗಿಯೇ ಉಳಿಯಿತು. ಡಚ್ಚಿಗೂ ಜರ್ಮನ್ನಿಗೂ ಇರುವ ಅಂತರ ಇಂಥದ್ದೇ. ಡಚ್ಚಿನಲ್ಲಿ ‘ಸ್ಲಾಪನ್’ (ನಿದ್ದೆ ಮಾಡು), ಜರ್ಮನ್ನಿನಲ್ಲಿ ‘ಶ್ಲಾಫನ್’. ಡಚ್ಚಿನಲ್ಲಿ ‘ಕೋಪನ್’ (ಕೊಳ್ಳು), ಜರ್ಮನ್ನಿನಲ್ಲಿ ‘ಕೌಫನ್’. ಜರ್ಮನ್ ಅಲ್ಪಸ್ವಲ್ಪ ಕಲಿತು ಬಂದ ಎಂಜಿನಿಯರುಗಳು ಈ ಒಂದು ಸೂತ್ರದಿಂದ ಒಂದೇ ಸಂಜೆಯಲ್ಲಿ ಹಲವಾರು ಪದ ಗಳಿಸಿಕೊಳ್ಳುತ್ತಾರೆ.

ನೆದರ್ಲೆಂಡ್ಸ್‌ನ ಉತ್ತರಕ್ಕಿರುವ ಫ್ರೀಸ್‌ಲಾಂಡ್ ಪ್ರಾಂತ್ಯದಲ್ಲಿ ಫ್ರೀಸಿಯನ್ ಎಂಬ ಬೇರೆ ಭಾಷೆ ಇದೆ. ಅಲ್ಲಿ ಉದ್ದನೆಯ ಕೋಲು ಊರಿ ನೀರಿನ ಕಾಲುವೆಯನ್ನು ದಾಟಿ ಆಚೆ ದಡಕ್ಕೆ ಹಾರುವ ಆಟವೊಂದಿದೆ, ‘ಫೀರ್‌ಲ್ಯೆಪ್ಪನ್’ ಎಂದು ಹೆಸರು. ‘ದೂರ ಹಾರು’ ಎಂದರ್ಥ. ಆ ‘ಲ್ಯೆಪ್ಪ’ ನಮ್ಮ ಲೋಪನ್‌ನ ಸೋದರ. ಹಳೆಯ ಅರ್ಥ ಈಗಲೂ ನೀರಿನ ಮೇಲೆ ಹಾರುತ್ತಿದೆ.

ಈಗ ‘ಲೀಪ್’ ಬಂದ ದಾರಿ. ಮೂಲ ಜರ್ಮಾನಿಕ್‌ನಲ್ಲಿ ಕೆಲವು ಧಾತುಗಳ ಭೂತಕಾಲಕ್ಕೆ ಮೊದಲ ಅಕ್ಷರವನ್ನು ಇಮ್ಮಡಿಸುತ್ತಿದ್ದರು. ಸಂಸ್ಕೃತ ಓದಿದವರಿಗೆ ಇದು ಹಳೆಯ ಪರಿಚಯ: ಗಮ್ ಧಾತುವಿನಿಂದ ‘ಜಗಾಮ’, ಕೃ ಧಾತುವಿನಿಂದ ‘ಚಕಾರ’. ಲಿಟ್ ಲಕಾರದ (ಸಂಸ್ಕೃತದ ಒಂದು ಭೂತಕಾಲ) ಈ ದ್ವಿತ್ವಕ್ಕೂ ಜರ್ಮಾನಿಕ್ ದ್ವಿತ್ವಕ್ಕೂ ಬೇರು ಒಂದೇ, ಇಂಡೋ-ಯುರೋಪಿಯನ್. ಡಚ್ಚಿನ ಕಡೆ ಬರುವಷ್ಟರಲ್ಲಿ ಆ ದ್ವಿತ್ವ ಮಾಸಿಹೋಗಿ, ಅದಿದ್ದ ಜಾತಿಯ ಧಾತುಗಳ ಭೂತಕಾಲದಲ್ಲಿ ಈಕಾರ ನೆಲೆನಿಂತಿತು. ಸ್ಲಾಪನ್–ಸ್ಲೀಪ್, ಲಾತನ್–ಲೀತ್ (ಬಿಡು), ರೂಪನ್–ರೀಪ್ (ಕೂಗು), ಫಲ್ಲನ್–ಫೀಲ್ (ಬೀಳು), ಲೋಪನ್–ಲೀಪ್. ಈ ಐದನ್ನೂ ಒಂದೇ ಉಸಿರಿನಲ್ಲಿ, ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳಿ. ಒಂದೊಂದಾಗಿ ಕಲಿತರೆ ಮರೆಯುತ್ತದೆ, ಗುಂಪಾಗಿ ಕಲಿತರೆ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ‘ನಡೆದಿದ್ದೇನೆ’ ಎನ್ನಲು ಎರಡು ದಾರಿ

ಮಾತಿನಲ್ಲಿ ಡಚ್ಚರು ಮುಗಿದ ಸಂಗತಿಯನ್ನು ಹೇಳುವಾಗ ‘ಲೀಪ್’ಗಿಂತ ಹೆಚ್ಚಾಗಿ ಬಳಸುವುದು ‘ಖಲೋಪನ್’ ಎಂಬ ಕೃದಂತವನ್ನು. ಅದಕ್ಕೊಂದು ಸಹಾಯಕ ಕ್ರಿಯಾಪದ ಬೇಕು. ಅದು ‘ಹೆಬ್ಬನ್’ ಆಗಬಹುದು, ‘ಜ಼ೆಯ್ನ್’ ಆಗಬಹುದು. ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ನಾನು ಹೇಳಿಕೊಡುವುದು ನಮ್ಮ ವಿಭಕ್ತಿಯ ಲೆಕ್ಕ.

ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ. ಅದರಲ್ಲಿ ‘ಎಲ್ಲಿಗೆ’ ಎಂಬುದಕ್ಕೆ ಉತ್ತರ ಇದೆಯೇ, ಅಂದರೆ ಊರಿಗೆ, ಸ್ಟೇಷನ್ನಿಗೆ, ಮನೆಗೆ ಎಂಬ ಚತುರ್ಥಿ ಇದೆಯೇ? ಇದ್ದರೆ ಜ಼ೆಯ್ನ್. ‘ಸ್ಟೇಷನ್ನಿಗೆ ನಡೆದು ಹೋದೆ’: ಇಕ್ ಬೆನ್ ನಾರ್ ಹೆತ್ ಸ್ತಾಶೊನ್ ಖಲೋಪನ್. ಎಲ್ಲಿಗೆ ಎಂಬುದಿಲ್ಲದೆ ಬರೀ ನಡೆದಾಟದ ಮಾತಾದರೆ ಹೆಬ್ಬನ್. ‘ಇಡೀ ದಿನ ನಡೆದಿದ್ದೇನೆ’: ಇಕ್ ಹೆಪ್ ದ ಹೇಲ ದಖ್ ಖಲೋಪನ್. ಬರೆಯುವಾಗ ‘ಹೆಬ್’, ಹೇಳುವಾಗ ‘ಹೆಪ್’. ಪದದ ತುದಿಯ ಬಕಾರ ಡಚ್ಚರ ಬಾಯಲ್ಲಿ ಪಕಾರವಾಗುತ್ತದೆ.

ದ್ವಿತೀಯೆ ಬಂದರೂ, ಅಂದರೆ ‘ಏನನ್ನು’ ಎಂಬುದಕ್ಕೆ ಉತ್ತರ ಇದ್ದರೂ ಹೆಬ್ಬನ್. ನೆಯ್‌ಮೇಖನ್ ಊರಿನಲ್ಲಿ ಪ್ರತಿ ಜುಲೈನಲ್ಲಿ ನಾಲ್ಕು ದಿನದ ನಡಿಗೆಯ ಹಬ್ಬ ನಡೆಯುತ್ತದೆ, ‘ಫೀರ್‌ದಾಖ್ಸ’ ಅಂದರೆ ‘ನಾಲ್ಕು ದಿನದ್ದು’. 1909ರಲ್ಲಿ ಶುರುವಾದದ್ದು. ವಯಸ್ಸಿಗೆ ಮತ್ತು ಆಯ್ಕೆಗೆ ತಕ್ಕಂತೆ ದಿನಕ್ಕೆ 30, 40 ಅಥವಾ 50 ಕಿಲೋಮೀಟರ್, ನಾಲ್ಕು ದಿನ ಬಿಡದೆ ನಡೆಯಬೇಕು, ಮುಗಿಸಿದವರಿಗೆ ಪದಕ. ನಮ್ಮ ಕಡೆ ಪಾದಯಾತ್ರೆ ಮಾಡಿದವರು ಇದನ್ನು ನೋಡಿದರೆ ತಮ್ಮದೇ ಎನ್ನಿಸುತ್ತದೆ. ಮುಗಿಸಿ ಬಂದವರು ಹೇಳುವುದು: ಇಕ್ ಹೆಪ್ ದ ಫೀರ್‌ದಾಖ್ಸ ಖಲೋಪನ್.

ಭವಿಷ್ಯತ್ತಿಗೆ ಹೆಚ್ಚು ಹೇಳುವುದಿಲ್ಲ. ‘ಇಕ್ ಜ಼ಲ್ ಲೋಪನ್’ (ನಡೆಯುವೆನು), ಬಹುವಚನಕ್ಕೆ ‘ವೆಯ್ ಜ಼ುಲ್ಲನ್ ಲೋಪನ್’. ‘ಇಕ್ ಜ಼ೌ ಲೋಪನ್’ ಅಂದರೆ ‘ನಡೆಯುತ್ತಿದ್ದೆ, ಆದರೆ...’ ಎಂಬ ಧಾಟಿ. ನಿತ್ಯದ ಮಾತಿನಲ್ಲಿ ನಾಳೆಯ ವಿಷಯಕ್ಕೂ ವರ್ತಮಾನವನ್ನೇ ಬಳಸುತ್ತಾರೆ, ನಾವು ‘ನಾಳೆ ಬರ್ತೀನಿ’ ಅನ್ನುವ ಹಾಗೆ.

ಐದನೇ ಹೆಜ್ಜೆ: ಕಾಲಿಲ್ಲದವುಗಳ ನಡಿಗೆ

ಇನ್ನು ಅರ್ಥದ ಹರಹು. ಎಂಜಿನ್ ಚಾಲೂ ಇದ್ದರೆ ‘ದ ಮೋತರ್ ಲೋಪ್ತ್’. ನಲ್ಲಿ ಸುರಿಯುತ್ತಿದ್ದರೆ ಅದೂ ಲೋಪ್ತ್. ಕರಾರು ಮೇ ತನಕ ಇದ್ದರೆ ‘ಹೆತ್ ಕೊನ್‌ತ್ರಕ್ತ್ ಲೋಪ್ತ್ ತೊತ್ ಮೆಯ್’. ‘ಹೆತ್ ಲೋಪನ್ದ ಯಾರ್’ ಅಂದರೆ ಪ್ರಸಕ್ತ ವರ್ಷ, ಅಕ್ಷರಶಃ ‘ನಡೆಯುತ್ತಿರುವ ವರ್ಷ’. ನಾವು ಚಾಲ್ತಿ ವರ್ಷ, ಚಾಲ್ತಿ ಖಾತೆ ಅನ್ನುವಾಗಲೂ ಅದರೊಳಗಿರುವುದು ಚಲನೆಯೇ. ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಉದ್ದನೆಯ ಬೆಲ್ಟು ‘ಲೋಪನ್ದ ಬನ್ತ್’. ವೃತ್ತಿಜೀವನಕ್ಕೆ ‘ಲೋಪ್‌ಬಾನ್’, ನಡೆದ ಹಾದಿ. ಎದುರಿಗೆ ದಾರಿ ಇಲ್ಲದ ಬೀದಿಗೆ ‘ದೋತ್‌ಲೋಪನ್ದ ವೆಖ್’, ನಡೆನಡೆದು ಸತ್ತುಹೋಗುವ ರಸ್ತೆ.

ವಿದ್ಯಾರ್ಥಿಗಳಿಗೆ ತೀರ ಬೇಕಾದ್ದು ‘ಸ್ತಾಝ ಲೋಪನ್’, ಇಂಟರ್ನ್‌ಶಿಪ್ ಮಾಡುವುದು. ಇಲ್ಲಿ ‘ಮಾಡು’ ಎಂಬುದನ್ನು ಡಚ್ಚಿಗೆ ತಿರುಗಿಸಲು ಹೋಗಬೇಡಿ. ‘ಇಕ್ ಲೋಪ್ ಸ್ತಾಝ ಇನ್ ದೆಲ್ಫ್ತ್’ ಎಂದು ಅರ್ಜಿಯಲ್ಲಿ ಬರೆದರೆ ಓದುವವರಿಗೆ ಇವರು ಭಾಷೆ ಬಲ್ಲವರು ಎನ್ನಿಸುತ್ತದೆ. ಅಪಾಯಕ್ಕೆ ಒಡ್ಡಿಕೊಂಡರೆ ‘ರೀಸಿಕೊ ಲೋಪನ್’. ಎಲ್ಲ ಸುಸೂತ್ರವಾದರೆ ‘ಅಲ್ಲಸ್ ಲೋಪ್ತ್ ಒಪ್ ರೊಲ್ಲತ್ಯಸ್’, ಪುಟ್ಟ ಗಾಲಿಗಳ ಮೇಲೆ ನಡೆಯುತ್ತಿದೆ. ಕೈ ಮೀರಿ ಹೋದರೆ ‘ಯುತ್ ದ ಹನ್ತ್ ಲೋಪನ್’. ಇದರಲ್ಲೂ ಇರುವುದು ಕೈಯೇ. ಅಹಂಕಾರ ಬಂದವರನ್ನು ಕುರಿತು ‘ತಮ್ಮ ಚಪ್ಪಲಿಯ ಪಕ್ಕದಲ್ಲಿ ನಡೆಯುತ್ತಾರೆ’ ಎಂಬ ಅರ್ಥದ ಮಾತಿದೆ. ನಮ್ಮಲ್ಲಿ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಅವರಲ್ಲಿ ಚಪ್ಪಲಿಯಲ್ಲಿ ನಿಲ್ಲುವುದಿಲ್ಲ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ತಿಳಿದಿರಬೇಕು. ‘ಮದುವೆ ನಡೆಯಿತು’ ಎನ್ನಲು ಲೋಪನ್ ಬರುವುದಿಲ್ಲ, ಅದಕ್ಕೆ ‘ಪ್ಲಾತ್ಸ್‌ಫಿನ್ದನ್’. ‘ಏನು ನಡೀತು?’ ಎಂದು ಕೇಳುವಾಗ ‘ಖಬ್ಯೂರನ್’. ‘ಅಂಗಡಿ ನಡೆಸು’ ಎಂಬ ಪ್ರೇರಣಾರ್ಥಕವೂ ಲೋಪನ್‌ಗೆ ಇಲ್ಲ. ‘ಲಾತನ್ ಲೋಪನ್’ ಎಂದು ಜೋಡಿಸಿದರೆ ‘ನಡೆಸು’ ಆಗದೆ ‘ಹೋಗಲಿ ಬಿಡು’ ಆಗುತ್ತದೆ.

ಇನ್ನೊಂದು ಬಳಕೆ ನೋಡಿ. ‘ಹೆಯ್ ಲೋಪ್ತ್ ದ ಹೇಲ ದಖ್ ತ ಕ್ಲಾಖನ್.’ ಅವನು ದಿನವಿಡೀ ಗೊಣಗುತ್ತಾ ತಿರುಗುತ್ತಾನೆ. ಲೋಪ್ತ್ ಇಲ್ಲಿ ನಮ್ಮ ‘ತಿರುಗುತ್ತಾನೆ’. ಅವನು ನಿಜಕ್ಕೂ ತಿರುಗಬೇಕಿಲ್ಲ, ಹೇಳುವವರ ಬೇಸರ ಅದರಲ್ಲಿದೆ. ಇಂಗ್ಲಿಷಿನಿಂದ ಬಂದವರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಬೇಕು, ಕನ್ನಡಿಗರಿಗೆ ಅರ್ಧ ನಿಮಿಷ. ಕೃದಂತ ಬಳಸಿ ಹೇಳುವಾಗ ಮಾತ್ರ ಎಚ್ಚರ: ‘ಹೆಯ್ ಹೇಫ್ತ್ ದ ಹೇಲ ದಖ್ ಲೋಪನ್ ಕ್ಲಾಖನ್’. ಖಲೋಪನ್ ಬರಬೇಕಾದಲ್ಲಿ ಲೋಪನ್ ನಿಂತಿದೆ, ‘ತ’ವೂ ಹೋಗಿದೆ.

ಆರನೇ ಹೆಜ್ಜೆ: ಉಪಸರ್ಗ ಹತ್ತಿದ ಮೇಲೆ

ಹಾರ, ಆಹಾರ, ವಿಹಾರ, ಪ್ರಹಾರ, ಸಂಹಾರ. ಉಪಸರ್ಗ ಬದಲಾದರೆ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಲೋಪನ್ ಕೂಡ ಹಾಗೇ. ನಿಮ್ಮ ಕಾಗದಪತ್ರಗಳಿಗೆ ಸಂಬಂಧಿಸಿದ ಎರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

‘ಅಫ್‌ಲೋಪನ್’ ಅಂದರೆ ಕೊನೆಗೊಳ್ಳು, ಅವಧಿ ತೀರು. ಇದರ ಉಪಸರ್ಗ ಬಿಡಿಸಿಕೊಳ್ಳುತ್ತದೆ. ಸಾಮಾನ್ಯ ವಾಕ್ಯದಲ್ಲಿ ‘ಅಫ್’ ಕೊನೆಗೆ ಹೋಗಿ ಕೂರುತ್ತದೆ: ಮೆಯ್ನ್ ಕೊನ್‌ತ್ರಕ್ತ್ ಲೋಪ್ತ್ ಇನ್ ದೆಸೆಂಬರ್ ಅಫ್. ನನ್ನ ಕರಾರು ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಆದ್ದರಿಂದ ವಾಕ್ಯ ಮುಗಿಯುವ ತನಕ ಕಿವಿ ತೆರೆದಿರಲಿ, ಅರ್ಥದ ಬೀಗ ತುದಿಯಲ್ಲಿದೆ. ಕೃದಂತದಲ್ಲಿ ‘ಖ’ ನಡುವೆ ನುಸುಳುತ್ತದೆ: ಅಫ್‌ಖಲೋಪನ್. ‘ಅಫ್‌ಖಲೋಪನ್ ವೇಕ್’ ಅಂದರೆ ಕಳೆದ ವಾರ. ಧಾತುವಿನಿಂದ ಉಪಸರ್ಗ ದೂರ ಹೋಗುವುದು ವೇದದ ಸಂಸ್ಕೃತದಲ್ಲೂ ಇತ್ತು, ನಂತರದ ಸಂಸ್ಕೃತದಲ್ಲಿ ಅದು ಅಂಟಿಕೊಂಡಿತು.

‘ಫರ್‌ಲೋಪನ್’ನಲ್ಲಿ ಉಪಸರ್ಗ ಅಂಟಿಕೊಂಡೇ ಇರುತ್ತದೆ, ಕೃದಂತಕ್ಕೆ ‘ಖ’ ಹತ್ತುವುದಿಲ್ಲ. ಅರ್ಥ ಎರಡು. ‘ಪಾಸ್‌ಪೋರ್ಟ್ ಇಸ್ ಫರ್‌ಲೋಪನ್’ ಅಂದರೆ ಅವಧಿ ಮುಗಿದಿದೆ, ಕೂಡಲೇ ನವೀಕರಿಸಿ. ‘ಆಪರೇಷನ್ ಇಸ್ ಖೂತ್ ಫರ್‌ಲೋಪನ್’ ಎಂದು ವೈದ್ಯರು ಹೇಳಿದರೆ ಗಾಬರಿ ಬೇಡ, ಚೆನ್ನಾಗಿ ನಡೆಯಿತು ಎಂದರ್ಥ. ಯಾವುದರ ಮಾತು ಎಂಬುದನ್ನು ನೋಡಿ ತಿಳಿಯಬೇಕು.

ಉಳಿದವು ಬೇಗ ಬೇಗ: ‘ಒಪ್‌ಲೋಪನ್’ ಏರು, ಮತ್ತು ಬೇಡದ್ದನ್ನು ತಗಲಿಸಿಕೊಳ್ಳು. ರೈಲು ತಡವಾದಾಗ ಫಲಕದಲ್ಲಿ ಈ ಪದ ಕಾಣುತ್ತದೆ. ‘ಯುತ್‌ಲೋಪನ್’ ಹೊತ್ತು ಮೀರು, ಸಭೆಗಳ ಸ್ವಭಾವ. ‘ವೆಖ್‌ಲೋಪನ್’ ಓಡಿಹೋಗು. ‘ಮಿಸ್‌ಲೋಪನ್’ ಕೈತಪ್ಪು. ‘ಆಖ್ತರ್‌ಲೋಪನ್’ ಹಿಂದುಳಿ, ಗಡಿಯಾರಕ್ಕೂ ಮನುಷ್ಯರಿಗೂ.

‘ದೋರ್‌ಲೋಪನ್’ ಒಂದೇ ಬರವಣಿಗೆಯಲ್ಲಿ ಎರಡು ಪದ. ‘ದೋರ್’ ಒತ್ತಿ ಹೇಳಿದರೆ ನಿಲ್ಲದೆ ಮುಂದೆ ನಡಿ, ಬಿಡಿಸಿಕೊಳ್ಳುವ ಜಾತಿ. ‘ಲೋ’ ಒತ್ತಿದರೆ ಪೂರ್ತಿ ಹಾದುಹೋಗು, ಬಿಡಿಸಿಕೊಳ್ಳದು. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಇಲ್ಲಿ ನಮ್ಮ ಕಿವಿಗೆ ನಿಜವಾದ ಅಭ್ಯಾಸ ಬೇಕು.

ಆದರೆ ವಾಕ್ಯರಚನೆಯಲ್ಲಿ ಡಚ್ಚೇ ನಮ್ಮ ಹಾದಿಗೆ ಬರುವ ಒಂದು ಜಾಗವಿದೆ. ‘ಒಮ್‌ದತ್’ (ಯಾಕೆಂದರೆ) ಎಂದು ಶುರುವಾಗುವ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ಬಿಟ್ಟುಹೋಗಿದ್ದ ಉಪಸರ್ಗವೂ ಬಂದು ಕೂಡಿಕೊಳ್ಳುತ್ತದೆ: ಒಮ್‌ದತ್ ಮೆಯ್ನ್ ಕೊನ್‌ತ್ರಕ್ತ್ ಇನ್ ದೆಸೆಂಬರ್ ಅಫ್‌ಲೋಪ್ತ್. ಯಾಕೆಂದರೆ ನನ್ನ ಕರಾರು ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಕನ್ನಡದ ಪದಕ್ರಮವೇ ಇದು, ಕರ್ತೃ, ನಡುವೆ ಉಳಿದದ್ದೆಲ್ಲ, ಕೊನೆಗೆ ಕ್ರಿಯೆ. ಇಂಗ್ಲಿಷ್ ಮೂಲಕ ಕಲಿಯುವವರು ಇದನ್ನು ವಿಚಿತ್ರವೆಂದು ಉರು ಹೊಡೆಯುತ್ತಾರೆ. ನೀವು ಕನ್ನಡದಲ್ಲಿ ಯೋಚಿಸಿದರೆ ಸಾಕು.

ಏಳನೇ ಹೆಜ್ಜೆ: ಗಡಿ ದಾಟಿದರೆ ಓಟ

ಬೆಲ್ಜಿಯಂನ ಉತ್ತರ ಭಾಗ ಫ್ಲಾಂಡರ್ಸ್. ಅಲ್ಲಿಯ ಭಾಷೆಯೂ ಡಚ್ಚೇ. ಆದರೆ ಲೋಪನ್ ಅಲ್ಲಿ ನಡೆಯುವುದಲ್ಲ, ಓಡುವುದು. ನಡೆಯುವುದಕ್ಕೆ ಅವರು ‘ಸ್ತಪ್ಪನ್’ ಎನ್ನುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಓಡುವುದು ‘ರೆನ್ನನ್’, ವ್ಯಾಯಾಮದ ಓಟ ‘ಹರ್ತ್‌ಲೋಪನ್’ (ಜೋರಾಗಿ ನಡೆ!), ‘ಸ್ತಪ್ಪನ್’ ಅಂದರೆ ಹೆಜ್ಜೆ ಹಾಕು, ‘ಖಾನ್ ಸ್ತಪ್ಪನ್’ ಅಂದರೆ ರಾತ್ರಿ ಗೆಳೆಯರ ಜೊತೆ ಪಬ್ಬಿಗೆ ಹೋಗುವುದು.

ಮೊದಲ ಸಲ ಬೆಲ್ಜಿಯಂಗೆ ಹೋಗಿದ್ದಾಗ ಒಂದು ಸ್ಟೇಷನ್ನಿನಲ್ಲಿ ರೈಲು ಹೊರಡುವುದರಲ್ಲಿತ್ತು. ಪ್ಲಾಟ್‌ಫಾರ್ಮಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ನನ್ನತ್ತ ಕೈ ಬೀಸಿ ‘ಯು ಮೂತ್ ಲೋಪನ್!’ ಎಂದು ಕೂಗಿದರು. ‘ನೀವು ನಡೆಯಬೇಕು’ ಎಂದು ಅರ್ಥ ಮಾಡಿಕೊಂಡು ನಾನು ನಿಧಾನವಾಗಿ ನಡೆದೆ. ಅವರು ಹೇಳಿದ್ದು ‘ಓಡಿ’ ಎಂದು. ರೈಲು ಹೋಯಿತು. ಆ ಹೆಂಗಸು ಮುಂದಿನ ರೈಲು ಬರುವವರೆಗೂ ಪಕ್ಕದಲ್ಲೇ ಕೂತು ಮಾತಾಡಿದರು. ಈ ವ್ಯತ್ಯಾಸವನ್ನು ನಾನು ಕಲಿತದ್ದು ಅವರಿಂದಲೇ.

ಹಳೆಯ ಅರ್ಥಕ್ಕೆ ಹತ್ತಿರವಿರುವವರು ಫ್ಲಾಂಡರ್ಸ್‌ನವರೇ. ಹಾರು, ಓಡು ಎಂದಿದ್ದ ಪದ ಉತ್ತರದಲ್ಲಿ ವೇಗ ಕಳೆದುಕೊಂಡು ನಡೆಯಾಯಿತು, ದಕ್ಷಿಣದಲ್ಲಿ ಓಟವಾಗಿಯೇ ಉಳಿಯಿತು. ನೆದರ್ಲೆಂಡ್ಸ್‌ನವರ ಮಾತಲ್ಲೂ ಹಳೆಯ ಓಟದ ಗುರುತುಗಳಿವೆ. ಮ್ಯಾರಥಾನ್ ಓಡುವುದಕ್ಕೆ ಅವರೂ ‘ಮಾರತೊನ್ ಲೋಪನ್’ ಎಂದೇ ಹೇಳುತ್ತಾರೆ. ಆದ್ದರಿಂದ ಲೋಪನ್ ಕೇಳಿದಾಗ ಎಲ್ಲಿದ್ದೀರಿ ಎಂಬುದನ್ನೂ, ಏನನ್ನು ಕುರಿತ ಮಾತು ಎಂಬುದನ್ನೂ ಗಮನಿಸಿ.

ಕೊನೆಗೆ ಐದು ವಾಕ್ಯ

ಕೆಳಗಿನ ಕನ್ನಡ ವಾಕ್ಯ ಓದಿ, ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಗಟ್ಟಿಯಾಗಿ ಹೇಳಿ. ಒಂದು ವಾರ ದಿನಕ್ಕೆ ಹತ್ತು ನಿಮಿಷ ಮಾಡಿ. ಎರಡನೇ ವಾರ ಇದೇ ಮಾದರಿಯಲ್ಲಿ ನಿಮ್ಮ ಬದುಕಿನ ಐದು ವಾಕ್ಯ ಬರೆಯಿರಿ.

ನಾನು ದಿನಾ ಸ್ಟೇಷನ್ನಿಗೆ ನಡೆದು ಹೋಗುತ್ತೇನೆ.
ಇಕ್ ಲೋಪ್ ಎಲ್ಕ ದಖ್ ನಾರ್ ಹೆತ್ ಸ್ತಾಶೊನ್.

ನಿನ್ನೆ ನಾವು ಸ್ಟೇಷನ್ನಿಗೆ ನಡೆದೇ ಹೋದೆವು.
ಖಿಸ್ತರನ್ ಜ಼ೆಯ್ನ್ ವ ನಾರ್ ಹೆತ್ ಸ್ತಾಶೊನ್ ಖಲೋಪನ್. (‘ಸ್ಟೇಷನ್ನಿಗೆ’ ಚತುರ್ಥಿ, ಹಾಗಾಗಿ ಜ಼ೆಯ್ನ್. ‘ನಿನ್ನೆ’ ಮೊದಲು ಬಂದದ್ದರಿಂದ ಕ್ರಿಯಾಪದ ಎರಡನೇ ಸ್ಥಾನ ಹಿಡಿದು ‘ವ’ ಹಿಂದಾಯಿತು.)

ಅಕ್ಕನ ಪಾಸ್‌ಪೋರ್ಟ್ ಅವಧಿ ಮುಗಿದಿದೆ.
ಹೆತ್ ಪಸ್‌ಪೋರ್ತ್ ಫನ್ ಮೆಯ್ನ್ ಜ಼ುಸ್ ಇಸ್ ಫರ್‌ಲೋಪನ್.

ಅವನು ದಿನವಿಡೀ ಗೊಣಗುತ್ತಾ ತಿರುಗುತ್ತಿದ್ದ.
ಹೆಯ್ ಲೀಪ್ ದ ಹೇಲ ದಖ್ ತ ಕ್ಲಾಖನ್.

ನೀನು ಎಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೀಯ?
ವಾರ್ ಲೋಪ್ ಯ ಸ್ತಾಝ? (‘ಯ’ ಎಂಬುದು ‘ಯೆಯ್’ನ ಹಗುರ ರೂಪ. ಅದು ಕ್ರಿಯಾಪದದ ಹಿಂದೆ ಬಂದಿದೆ, ಆದ್ದರಿಂದ ‘ತ್’ ಇಲ್ಲ.)